ಕಡಲಿಗೆ ಬೆನ್ನು ಹಾಕಿದ ಮನೆ

ಘಟ್ಟದ ಮೇಲಿನವರು ಜಾಗವನ್ನು ಗುಂಟೆಯಲ್ಲಿ ಹೇಳುತ್ತಾರೆ, ಕರಾವಳಿಯ ನಾವು ಸೆಂಟ್ಸಿನಲ್ಲಿ ಹೇಳುತ್ತೇವೆ. ಒಂದು ಎಕರೆ ಎಂದರೆ ಅವರಿಗೆ 40 ಗುಂಟೆ, ನಮಗೆ 100 ಸೆಂಟ್ಸ್. ದಕ್ಷಿಣ ಕನ್ನಡ ಮದ್ರಾಸಿಗೆ ಸೇರಿದ್ದ ಕಾಲದ ಈ ಅಳತೆಯನ್ನು 1956ರಲ್ಲಿ ರಾಜ್ಯ ಬದಲಾದ ಮೇಲೂ ನಾವು ಬಿಟ್ಟಿಲ್ಲ. ಹೀಗಾಗಿ ನಮ್ಮ ಮನೆಯ ಮಾರಾಟದ ಜಾಹೀರಾತು ಕೂಡ ಸೆಂಟ್ಸಿನಿಂದಲೇ ಶುರುವಾಗುತ್ತದೆ: 'ಮಾರಾಟಕ್ಕಿದೆ. ಸುರತ್ಕಲ್ ಸಮೀಪ, ಹೆದ್ದಾರಿಯಿಂದ ನಡೆದು ಹೋಗುವಷ್ಟು ದೂರದಲ್ಲಿ 46 ಸೆಂಟ್ಸ್ ಜಾಗ, ವಿಶಾಲವಾದ ಹಳೆಯ ಮನೆ ಸಹಿತ. ವರ್ಷವಿಡೀ ನೀರಿರುವ ಬಾವಿ. ಕಡಲತೀರಕ್ಕೆ ಹತ್ತಿರ. ದಾಖಲೆಗಳು ಸರಿಯಾಗಿವೆ.'

ಇದನ್ನು ಬರೆದವಳು ನಾನೇ. 'ನೀನು ಕನ್ನಡದಲ್ಲಿ ಪಿಎಚ್.ಡಿ. ಮಾಡುವವಳಲ್ಲವಾ ಮಗಾ, ನಾಲ್ಕು ಸಾಲು ಚಂದ ಮಾಡಿ ಬರೆದುಕೊಡು' ಎಂದು ಮುಂಬೈಯಿಂದ ದೊಡ್ಡ ಮಾವ ಫೋನಿನಲ್ಲಿ ಹೇಳಿದ್ದರು. ಐದು ವರ್ಷದಿಂದ ನಾನು ಬರೆಯುತ್ತಿರುವ ಮಹಾಪ್ರಬಂಧವನ್ನು ಮನೆಯವರು ಯಾರೂ ಓದಿಲ್ಲ. ಈ ನಾಲ್ಕು ಸಾಲನ್ನು ಮಾತ್ರ ಎಲ್ಲರೂ ಓದಿದರು, ತಿದ್ದಿದರು, ವಾಟ್ಸಾಪಿನಲ್ಲಿ ಹಂಚಿದರು. 'ವಿಶಾಲವಾದ' ಎಂಬ ಪದವನ್ನು ಸೇರಿಸಿದ್ದು ಸಣ್ಣ ಮಾವ. ಆ ಪದದ ಬಗ್ಗೆಯೇ ನಾನು ಈಗ ಬರೆಯಬೇಕೆಂದಿರುವುದು.

ನಾವು ಮನೆಯಲ್ಲಿ ಆಡುವುದು ತುಳು. ಆ ಮನೆಯನ್ನು ನಾವು ಯಾರೂ ವಿಶಾಲ ಎಂದು ಕರೆದದ್ದಿಲ್ಲ. ಅಲ್ಲಿ ಬೆಳೆಯುವಾಗ ಅದು ದೊಡ್ಡದು ಎಂದು ಅನಿಸಿದ್ದೂ ಇಲ್ಲ, ಏಕೆಂದರೆ ಯಾವಾಗಲೂ ಜನ ತುಂಬಿರುತ್ತಿದ್ದರು. ನೋಡಲು ಬಂದ ಬ್ರೋಕರ್ ಮೊದಲು ಕೇಳಿದ್ದು 'ಎಷ್ಟು ಬೆಡ್‌ರೂಮು?' ಎಂದು. ದೊಡ್ಡಮ್ಮ ಸ್ವಲ್ಪ ಯೋಚಿಸಿ, 'ಬೆಡ್‌ರೂಮು ಅಂತ ಯಾವುದೂ ಇಲ್ಲ' ಎಂದರು. ಅವರು ಹೇಳಿದ್ದು ಸತ್ಯ. ಎದುರಿಗೆ ಉದ್ದಕ್ಕೆ ಚಾವಡಿ. ಅದರ ಹಿಂದೆ ಪಡಸಾಲೆ, ದೈವದ ಮಂಚವಿರುವ ಕೋಣೆ, ಅಕ್ಕಿಯ ಕೋಣೆ, ಬಾಣಂತಿ ಕೋಣೆ, ಅಡುಗೆಮನೆ. ಮೇಲೆ ಮರದ ಹಲಗೆಯ ಮಾಳಿಗೆ. ಮಲಗುವುದು ಎಂದರೆ ಚಾಪೆ ಹಾಸಿದ ಕಡೆ. ಯಾರಿಗೆ ಯಾವ ಕೋಣೆ ಎಂಬ ಲೆಕ್ಕ ಇರಲಿಲ್ಲ. ಬ್ರೋಕರ್ ತನ್ನ ಪುಸ್ತಕದಲ್ಲಿ 'ಎಂಟು' ಎಂದು ಬರೆದುಕೊಂಡ.

ಗೋಡೆಗಳು ಮುರಕಲ್ಲಿನವು, ಮೇಲೆ ಸುಣ್ಣದ ಗಾರೆ. ಚಾವಡಿಯ ಕಂಬಗಳು ಹಲಸಿನ ಮರದವು. ಮುತ್ತಜ್ಜಿಯ ಕಾಲಕ್ಕೂ ಮೊದಲು ಮಾಡಿಗೆ ಮುಳಿಹುಲ್ಲು ಇತ್ತಂತೆ, ಹಂಚು ಬಂದದ್ದು ಆಮೇಲೆ. ಮಾಳಿಗೆಯಿಂದ ಕೈಗೆಟಕುವ ಹಂಚುಗಳಲ್ಲಿ ಕೆಲವನ್ನು ಮಗುಚಿ ನೋಡಿದರೆ ಬಾಸೆಲ್ ಮಿಷನ್ ಕಾರ್ಖಾನೆಯ ಹೆಸರೂ 1865 ಎಂಬ ಇಸವಿಯೂ ಅಚ್ಚಾಗಿವೆ. ಅದು ನಮ್ಮ ಮನೆ ಕಟ್ಟಿದ ವರ್ಷವಲ್ಲ. ಮಂಗಳೂರಿನ ಜೆಪ್ಪುವಿನಲ್ಲಿ, ನೇತ್ರಾವತಿಯ ದಡದ ಮಣ್ಣಿನಿಂದ ಮಿಷನ್ನಿನವರು ಹಂಚು ಸುಡಲು ಶುರುಮಾಡಿದ ವರ್ಷ. ಚಿಕ್ಕಂದಿನಲ್ಲಿ ನಾನು ಅದನ್ನು ಮನೆಯ ಹುಟ್ಟಿದ ವರ್ಷವೆಂದೇ ನಂಬಿ ಶಾಲೆಯಲ್ಲಿ ಹೇಳಿಕೊಂಡು ತಿರುಗುತ್ತಿದ್ದೆ. ಹಳೆ ಮನೆ ಕೆಡಹುವ ಗುತ್ತಿಗೆದಾರನೊಬ್ಬ ಈಚೆಗೆ ಬಂದು ಕಂಬಗಳನ್ನೂ ಬಾಗಿಲುಗಳನ್ನೂ ಹಂಚುಗಳನ್ನೂ ಬೇರೆ ಬೇರೆ ಲೆಕ್ಕ ಹಾಕಿ ಹೋಗಿದ್ದಾನೆ. ಅವನ ಲೆಕ್ಕದಲ್ಲಿ ಗೋಡೆಗೆ ಬೆಲೆ ಇಲ್ಲ. ಅದನ್ನು ಸಾಗಿಸುವ ಖರ್ಚನ್ನು ನಮ್ಮಿಂದಲೇ ಹಿಡಿಯುತ್ತಾನಂತೆ.

'ಕಡಲತೀರಕ್ಕೆ ಹತ್ತಿರ' ಎಂಬ ಸಾಲಿಗೆ ಬರುತ್ತೇನೆ. ಬಂದವರೆಲ್ಲ ಮನೆಯ ಒಳಗೆ ಒಂದು ಸುತ್ತು ಹಾಕಿ, ಹಿತ್ತಿಲಿಗೆ ಹೋಗಿ, ಪಶ್ಚಿಮಕ್ಕೆ ಮುಖ ಮಾಡಿ ನಿಲ್ಲುತ್ತಾರೆ. ತೆಂಗಿನ ಮರಗಳ ಸಂದಿಯಲ್ಲಿ ನೀರು ಕಾಣುತ್ತದೆಯೇ ಎಂದು ನೋಡುತ್ತಾರೆ. ಮೂರನೆಯ ಮಹಡಿಯಿಂದ ಕಾಣಬಹುದು ಎಂದು ತಮ್ಮಲ್ಲೇ ಮಾತಾಡಿಕೊಳ್ಳುತ್ತಾರೆ. ಇದನ್ನು ನೋಡಿ ದೊಡ್ಡಮ್ಮನಿಗೆ ನಗು. ಏಕೆಂದರೆ ನಮ್ಮ ಮನೆ ಕಡಲಿಗೆ ಬೆನ್ನು ಹಾಕಿ ಕೂತಿದೆ. ಅದರ ಮುಖ ಇರುವುದು ಮೂಡಣಕ್ಕೆ, ಒಂದು ಕಾಲದಲ್ಲಿ ಬಾಕಿಮಾರು ಗದ್ದೆ ಇದ್ದ ಕಡೆಗೆ. ಕಟ್ಟಿದವರಿಗೆ ಐಶ್ವರ್ಯ ಎಂದರೆ ಭತ್ತ. ಕಡಲು ಮೊಗವೀರರದು. ನಮಗೆ ಅದು ಆಟಿ ತಿಂಗಳ ರಾತ್ರಿ ಕೇಳುವ ಸದ್ದು, ಕಿಟಕಿಯ ಸರಳನ್ನು ತಿನ್ನುವ ಉಪ್ಪುಗಾಳಿ. ಬಟ್ಟೆ ಒಗೆಯುವ ಕಲ್ಲು, ಹಟ್ಟಿಯ ಗೊಬ್ಬರದ ಗುಂಡಿ, ತಿಂಗಳ ಮೂರು ದಿನ ಹೆಂಗಸರು ಕೂರುತ್ತಿದ್ದ ಜಗಲಿ ಎಲ್ಲ ಇದ್ದದ್ದು ಕಡಲಿನ ಕಡೆಗೆ. ಯಾರಿಗೂ ತೋರಿಸಬಾರದೆಂದು ಹಿಂದೆ ಇಟ್ಟಿದ್ದ ಆ ಜಾಗವೇ ಈಗ ನಮ್ಮ ಆಸ್ತಿಯ ಅತಿ ಬೆಲೆಯ ಭಾಗ.

ಬರುವವರ ಎರಡನೆಯ ಪ್ರಶ್ನೆ 'ಸಿಆರ್‌ಝಡ್ ಬರ್ತದಾ?' ಎಂಬುದು. 1991ರ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆ ಭರತರೇಖೆಯಿಂದ 500 ಮೀಟರಿನವರೆಗಿನ ನೆಲದಲ್ಲಿ ಏನು ಕಟ್ಟಬಹುದು, ಏನು ಕಟ್ಟಬಾರದು ಎಂದು ಗೆರೆ ಎಳೆಯಿತು. 2011ರಲ್ಲಿ, ಮತ್ತೆ 2019ರಲ್ಲಿ ಆ ನಿಯಮಗಳು ಬದಲಾದವು. ನಮ್ಮ ಜಾಗ ಆ ಗೆರೆಯ ಆಚೆಗಿದೆ. ಮುತ್ತಜ್ಜಿಯ ಕಾಲದವರು ಯಾವ ಅಧಿಸೂಚನೆಯನ್ನೂ ಓದದೆ ಕಡಲಿನಿಂದ ಅಷ್ಟು ದೂರ ಸರಿದು ಕಟ್ಟಿದ್ದರು. ನೇತ್ರಾವತಿಯ ಆಚೆ ಉಳ್ಳಾಲ, ಸೋಮೇಶ್ವರದ ಕಡೆ ಮಳೆಗಾಲದಲ್ಲಿ ಕಡಲು ಮನೆಗಳನ್ನೇ ಎಳೆದುಕೊಂಡು ಹೋಗುವುದನ್ನು ಪ್ರತಿ ವರ್ಷ ಪತ್ರಿಕೆಯಲ್ಲಿ ನೋಡುತ್ತೇವಲ್ಲ, ಹಾಗೆ ಬೆನ್ನು ಹಾಕಿ ಕೂತದ್ದರಲ್ಲಿ ಒಂದು ಬುದ್ಧಿ ಇತ್ತು.

ಅಷ್ಟು ದೊಡ್ಡ ಮನೆ ಯಾಕೆ ಬೇಕಿತ್ತು? ಜನರಿಗಾಗಿ ಎಂದು ಅಮ್ಮ ಹೇಳುತ್ತಾರೆ. ಅರ್ಧ ನಿಜ. ಮನೆಯ ಅತಿ ದೊಡ್ಡ ಕೋಣೆ ಜನರದ್ದಲ್ಲ, ಅಕ್ಕಿಯದು. ಅಲ್ಲಿ ಗೋಡೆಯಿಂದ ಗೋಡೆಗೆ ತಾಗುವಂಥ ಪತ್ತಾಯ ಇದೆ, ನಾಲ್ಕು ಜನ ಒಳಗಿಳಿದು ನಿಲ್ಲಬಹುದಾದ ಮರದ ಕಣಜ. ಅದನ್ನು ತುಂಬುತ್ತಿದ್ದದ್ದು ಒಕ್ಕಲಿನವರ ಗೇಣಿ. ಮುಡಿ ಕಟ್ಟಿ ಅಕ್ಕಿ ತಂದು, ಅಂಗಳದಲ್ಲಿ ಇಳಿಸಿ, ಅಳೆದು ಕೊಟ್ಟು ಅವರು ಅಲ್ಲಿಂದಲೇ ಹಿಂದಿರುಗುತ್ತಿದ್ದರು. ಚಾವಡಿಯ ಮೆಟ್ಟಿಲು ಹತ್ತುವವರು ಯಾರು, ಅಂಗಳದಲ್ಲಿ ನಿಲ್ಲುವವರು ಯಾರು, ಅಂಗಳಕ್ಕೂ ಬರದೆ ತಡಮೆಯ ಆಚೆ ನಿಂತು ಕೂಗುವವರು ಯಾರು ಎಂಬುದಕ್ಕೆ ಹೇಳಿಕೊಡದ ನಿಯಮವಿತ್ತು. ಮನೆಯ ವಿಶಾಲತೆಯನ್ನು ಹೊಗಳುವವರು ಈ ಮೂರು ಗೆರೆಗಳನ್ನೂ ಸೇರಿಸಿ ಅಳೆಯಬೇಕು.

1974ರ ಮಾರ್ಚಿನಲ್ಲಿ ಭೂಸುಧಾರಣೆಯ ತಿದ್ದುಪಡಿ ಜಾರಿಗೆ ಬಂತು. ದೇವರಾಜ ಅರಸರ ಸರಕಾರ. ಗೇಣಿದಾರರು ಏಳನೆಯ ನಮೂನೆಯ ಅರ್ಜಿ ಹಾಕಿದರೆ ಭೂನ್ಯಾಯಮಂಡಳಿ ವಿಚಾರಣೆ ಮಾಡಿ ಜಮೀನು ಅವರ ಹೆಸರಿಗೆ ಮಾಡುತ್ತಿತ್ತು. ನಮ್ಮ ಕಡೆ ಅದಕ್ಕೆ 'ಡಿಕ್ಲರೇಶನ್' ಎಂದೇ ಹೆಸರು. 'ಡಿಕ್ಲರೇಶನಿನಲ್ಲಿ ಹೋಯಿತು' ಎಂಬ ಮಾತನ್ನು ನಾನು ನೆರೆ ಬಂದು ಹೋಯಿತು ಎಂಬ ಹಾಗೆ, ಯಾರೂ ಮಾಡದೆ ತಾನಾಗಿ ಆದ ಸಂಗತಿ ಎಂಬ ಹಾಗೆ ಕೇಳುತ್ತಾ ಬೆಳೆದೆ. ಹೋದದ್ದು ಉತ್ತವರ ಕೈಗೆ ಎಂಬುದು ಅರ್ಥವಾಗಲು ನಾನು ಊರು ಬಿಟ್ಟು ಮೈಸೂರಿನ ಗ್ರಂಥಾಲಯದಲ್ಲಿ ಕೂರಬೇಕಾಯಿತು. ಗದ್ದೆ ಹೋದ ಮೇಲೆ ಪತ್ತಾಯ ಬರಿದಾಯಿತು, ಮನೆ ಉಳಿಯಿತು. ಮಾವಂದಿರು ಮುಂಬೈಯ ಹೋಟೆಲಿನ ಕ್ಯಾಶ್ ಕೌಂಟರಿಗೆ ಹೋದರು.

ಎರಡು ತಿಂಗಳ ಹಿಂದೆ ಮನೆ ನೋಡಲು ಬಂದವರಲ್ಲಿ ನಮ್ಮ ಹಳೆಯ ಒಕ್ಕಲಿನ ಮನೆಯ ಮೊಮ್ಮಗನೂ ಒಬ್ಬರು. ನನಗಿಂತ ಹತ್ತು ವರ್ಷ ದೊಡ್ಡವರು, ಬೈಕಂಪಾಡಿಯಲ್ಲಿ ಸ್ವಂತ ವರ್ಕ್‌ಶಾಪು ಇದೆ. ಕೊಳ್ಳುವ ಉದ್ದೇಶ ಅವರಿಗೆ ಇರಲಿಲ್ಲವೆಂದು ನನಗೆ ಅನಿಸಿತು. ಚಪ್ಪಲಿ ಬಿಟ್ಟು ಒಳಗೆ ಬಂದು, ಪ್ರತಿ ಕೋಣೆಯನ್ನೂ ನಿಧಾನವಾಗಿ ನೋಡಿದರು. ಪತ್ತಾಯದ ಮುಚ್ಚಳ ಎತ್ತಿ ಬಗ್ಗಿ ನೋಡಿದರು. ಅಮ್ಮ ಚಾ ಕೊಟ್ಟರು. ಚಾವಡಿಯ ಕುರ್ಚಿಯಲ್ಲಿ ಕೂತು ಕುಡಿಯುತ್ತಾ, 'ನಮ್ಮ ಅಜ್ಜಿ ವರ್ಷಕ್ಕೆರಡು ಸಲ ಈ ಅಂಗಳಕ್ಕೆ ಬರ್ತಿದ್ರಂತೆ ಅಕ್ಕ. ಒಳಗೆ ಏನುಂಟು ಅಂತ ಅವರಿಗೆ ಕಡೆಯವರೆಗೂ ಗೊತ್ತಿರಲಿಲ್ಲ' ಎಂದರು. ಕೋಪದಿಂದ ಹೇಳಿದ್ದಲ್ಲ. ಅಮ್ಮ ಏನೂ ಹೇಳಲಿಲ್ಲ, ಇನ್ನೊಂದು ಲೋಟ ಚಾ ತರಲು ಒಳಗೆ ಹೋದರು. ನನಗೆ ಆ ದಿನ ಜಾಹೀರಾತಿನಿಂದ 'ವಿಶಾಲವಾದ' ಎಂಬ ಪದವನ್ನು ತೆಗೆದುಹಾಕಬೇಕೆನಿಸಿತು.

ಆದರೆ ತೆಗೆಯಲಿಲ್ಲ. ಕಾರಣ ಹೇಳಬೇಕಾದರೆ ಮನೆಯ ಇನ್ನೊಂದು ಅರ್ಧ ಸತ್ಯಕ್ಕೆ ಬರಬೇಕು.

ನಮ್ಮದು ಅಳಿಯಸಂತಾನದ ಕುಟುಂಬ. ಬಂಟರಲ್ಲಿ ಮಾತ್ರವಲ್ಲ, ಬಿಲ್ಲವರಲ್ಲಿ, ಮೊಗವೀರರಲ್ಲಿ, ಇಲ್ಲಿನ ಜೈನರಲ್ಲಿ, ಇನ್ನೂ ಹಲವು ಸಮುದಾಯಗಳಲ್ಲಿ ಇದೇ ಕಟ್ಟು ಇತ್ತು. ಭೂತಾಳ ಪಾಂಡ್ಯ ಎಂಬ ಅರಸನ ಕಥೆ ಹೇಳಿ ಇದನ್ನು ವಿವರಿಸುವುದು ವಾಡಿಕೆ. ಸಂತತಿ ಹೆಣ್ಣಿನಿಂದ ಹರಿಯುತ್ತದೆ. ಮನೆಯ ಮಕ್ಕಳು ಎಂದರೆ ಮನೆಯ ಹೆಣ್ಣುಮಕ್ಕಳ ಮಕ್ಕಳು. ಅಧಿಕಾರ ಹೆಣ್ಣಿನದು ಎಂದು ಯಾರೂ ಮೋಸಹೋಗಬೇಕಾಗಿಲ್ಲ. ಲೆಕ್ಕದ ಪುಸ್ತಕ, ಪತ್ತಾಯದ ಬೀಗದ ಕೈ ಹೆಚ್ಚಾಗಿ ಇರುತ್ತಿದ್ದದ್ದು ಯಜಮಾನನಾದ ಮಾವನ ಬಳಿ. ಆದರೆ ಒಂದು ಹಕ್ಕು ಹೆಂಗಸರಿಗೆ ಪ್ರಶ್ನೆಯಿಲ್ಲದೆ ಇತ್ತು. ಅದು ಮರಳಿ ಬರುವ ಹಕ್ಕು. ಮದುವೆಯಾಗಿ ಹೋದವಳು ಅಲ್ಲಿಯ ಅತಿಥಿ, ಇಲ್ಲಿಯ ಸದಸ್ಯೆ. ಗಂಡ ತೀರಿಕೊಂಡರೆ, ಬಿಟ್ಟರೆ, ಅಥವಾ ಅವಳಿಗೇ ಸಾಕಾದರೆ, ಮಕ್ಕಳನ್ನು ಕರೆದುಕೊಂಡು ತಾಯಿಮನೆಗೆ ನಡೆದು ಬರಬಹುದಿತ್ತು.

ಅಜ್ಜಿಯ ಅಕ್ಕ ಹಾಗೆ ಬಂದವರು. ದೊಡ್ಡಮ್ಮ ಹಾಗೆ ಬಂದವರು. ನನಗೆ ಮೂರು ವರ್ಷವಾಗಿದ್ದಾಗ ಅಮ್ಮ ನನ್ನನ್ನು ಸೊಂಟದಲ್ಲಿ ಎತ್ತಿಕೊಂಡು, ಒಂದು ಟ್ರಂಕಿನೊಂದಿಗೆ ಹಾಗೆಯೇ ಬಂದರು. ಅಲ್ಲಿ ಏನಾಯಿತೆಂಬುದು ಅಮ್ಮನ ಕಥೆ, ಅದನ್ನು ನಾನು ಬರೆಯುವಂತಿಲ್ಲ. ಇಲ್ಲಿ ಏನಾಯಿತೆಂಬುದು ನನ್ನ ಕಥೆಯೂ ಹೌದು. ಇಲ್ಲಿ ಏನೂ ಆಗಲಿಲ್ಲ. ಅಜ್ಜಿ 'ಏಪ ಬತ್ತಿನಿ?' ಎಂದು ಕೇಳಿದರಂತೆ, ಯಾವಾಗ ಬಂದದ್ದು ಎಂದು. 'ದಾಯೆ ಬತ್ತಿನಿ?', ಯಾಕೆ ಬಂದದ್ದು ಎಂದು ಕೇಳಲಿಲ್ಲ. ಅನ್ನಕ್ಕೆ ಇನ್ನೊಂದು ಪಾವು ಅಕ್ಕಿ ಹಾಕಿದರು. ಸಂಜೆಗೆ ಇನ್ನೊಂದು ಚಾಪೆ ಬಿಚ್ಚಿದರು. ನಾವಿಬ್ಬರೂ ಬಾಣಂತಿ ಕೋಣೆಯಲ್ಲಿ ಹದಿನಾಲ್ಕು ವರ್ಷ ಮಲಗಿದೆವು. ಅಷ್ಟು ವರ್ಷದಲ್ಲಿ ಆ ಕೋಣೆ ನಮಗೆ ಕೊಟ್ಟದ್ದು ಎಂಬ ಮಾತು ಯಾರ ಬಾಯಲ್ಲೂ ಬರಲಿಲ್ಲ. ಏಕೆಂದರೆ ಅದನ್ನು ಯಾರೂ ಕೊಟ್ಟಿರಲಿಲ್ಲ, ಅದು ಅಲ್ಲಿ ಇತ್ತು.

ಜಾಹೀರಾತಿನ 'ವಿಶಾಲ'ಕ್ಕೆ ನನ್ನ ಮಟ್ಟಿಗೆ ಇದೇ ಅರ್ಥ. ನೋಡಲು ಬಂದವರಿಗೆ ಬಾಣಂತಿ ಕೋಣೆ ಕಾಣುವುದು ಹತ್ತಡಿಗೆ ಎಂಟಡಿ, ಕಿಟಕಿ ಸಣ್ಣದು, ಗಾಳಿ ಸಾಲದು.

ಕಾನೂನು ಈ ಕಟ್ಟನ್ನು ಸ್ವಲ್ಪ ಸ್ವಲ್ಪವಾಗಿ ಬಿಚ್ಚಿತು. 1949ರ ಮದ್ರಾಸು ಅಳಿಯಸಂತಾನ ಕಾಯಿದೆ ಕುಟುಂಬದ ಕವರುಗಳಿಗೆ, ಅಂದರೆ ಒಬ್ಬ ಹೆಣ್ಣು ಮತ್ತು ಅವಳ ಹೆಣ್ಣುಸಂತತಿಯ ಕವಲುಗಳಿಗೆ, ಪಾಲು ಕೇಳುವ ಹಕ್ಕು ಕೊಟ್ಟಿತು. ಅದರಲ್ಲೊಂದು ವಿಚಿತ್ರ ವಿಂಗಡಣೆ ಇದೆ. ಕವರಿನಲ್ಲಿ ಐವತ್ತು ವರ್ಷ ತುಂಬದ ಹೆಣ್ಣು ಒಬ್ಬಳಾದರೂ ಇದ್ದರೆ ಅದು ಸಂತತಿ ಕವರು, ಇಲ್ಲದಿದ್ದರೆ ನಿಸ್ಸಂತತಿ ಕವರು. ಎಷ್ಟು ಗಂಡುಮಕ್ಕಳಿದ್ದರೂ ಲೆಕ್ಕಕ್ಕಿಲ್ಲ. ಪುತ್ರಸಂತಾನದ ಹರಕೆ ಹೊರುವ ನಾಡಿನಲ್ಲಿ ಹೀಗೊಂದು ಕಾಯಿದೆ ಇತ್ತೆಂದು ನನ್ನ ಹಾಸ್ಟೆಲಿನ ಗೆಳತಿಯರಿಗೆ ಹೇಳಿದರೆ ನಂಬುವುದಿಲ್ಲ. ಆಮೇಲೆ 1956ರ ಹಿಂದೂ ಉತ್ತರಾಧಿಕಾರ ಕಾಯಿದೆ ಬಂತು. ಅಳಿಯಸಂತಾನದವನೊಬ್ಬ ತೀರಿಕೊಂಡರೆ ಅವನ ಪಾಲು ತಾಯಿಮನೆಯಲ್ಲೇ ಉಳಿಯದೆ ಅವನ ಹೆಂಡತಿ ಮಕ್ಕಳಿಗೆ ಹೋಗುವಂತಾಯಿತು. ಅದರಲ್ಲಿ ನ್ಯಾಯವೂ ಇದೆ. ಮಾವಂದಿರ ಮಕ್ಕಳೇನು ಮಕ್ಕಳಲ್ಲವೇ? ಆದರೆ ಅಂದಿನಿಂದ ಮನೆ ಎಂಬುದು ಇರುವ ಜಾಗವಾಗಿ ಉಳಿಯದೆ ಬರಬೇಕಾದ ಪಾಲಾಯಿತು. ನಮ್ಮ ಮನೆ 1960ರ ದಶಕದ ವಿಭಾಗಪತ್ರದಲ್ಲಿ ಮುತ್ತಜ್ಜಿಯ ಕವರಿಗೆ ಬಂತು. ಈಗ ಅದಕ್ಕೆ ಬೇಕಾಗಿರುವ ಸಹಿಗಳು ಹದಿನಾಲ್ಕು. ಒಂದು ದುಬೈಯಿಂದ, ಐದು ಮುಂಬೈಯಿಂದ, ಒಂದು ಪುಣೆಯಿಂದ. ಮುಂದೆ ಯಾರೂ ತಕರಾರು ಎತ್ತಬಾರದೆಂದು ಕೊಳ್ಳುವವರ ವಕೀಲರು ಹೆಣ್ಣುಮಕ್ಕಳ ಪ್ರಾಯಕ್ಕೆ ಬಂದ ಮಕ್ಕಳ ಒಪ್ಪಿಗೆಯನ್ನೂ ಕೇಳಿದ್ದಾರೆ. ಹದಿನಾಲ್ಕನೆಯದು ನನ್ನದು.

ಹೀಗೆ ಬರೆಯುತ್ತಾ ಹೋದರೆ ಮಾರಬಾರದು ಎಂಬ ಕಡೆಗೆ ಹೋಗುತ್ತಿದ್ದೇನೆ ಎಂದು ಅನಿಸಬಹುದು. ಹಾಗಲ್ಲ. ಅಲ್ಲಿ ಈಗ ಇರುವವರು ಇಬ್ಬರು, 71ರ ದೊಡ್ಡಮ್ಮ, 58ರ ಅಮ್ಮ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಮೀರಿ ಮಳೆ ಸುರಿಯುವ ಊರಿನಲ್ಲಿ ಹಂಚಿನ ಮಾಡು ಎಂದರೆ ತಮಾಷೆಯಲ್ಲ. ಪ್ರತಿ ಮೇ ತಿಂಗಳಲ್ಲಿ ಹಂಚು ತೆಗೆದು, ತೊಳೆದು, ಒಡೆದದ್ದನ್ನು ಬದಲಾಯಿಸಿ ಮತ್ತೆ ಹೊದೆಸಬೇಕು. ಪಶ್ಚಿಮದ ಗೋಡೆಗೆ ಮಡಲಿನ ತಟ್ಟಿ ಕಟ್ಟಬೇಕು. ಪಕ್ಕಾಸಿಗೆ ಒರಲೆ ಹತ್ತದಂತೆ ನೋಡಬೇಕು. ಆ ಕೆಲಸ ಗೊತ್ತಿರುವವರಲ್ಲಿ ಹೆಚ್ಚಿನವರಿಗೆ ಈಗ ಅಟ್ಟ ಹತ್ತುವ ಪ್ರಾಯ ದಾಟಿದೆ. ಹೋದ ವರ್ಷ ಜುಲೈಯಲ್ಲಿ ಮಾಳಿಗೆಯ ಒಂದು ಮೂಲೆ ಕುಸಿಯಿತು. ದೊಡ್ಡಮ್ಮ ಅದರ ಕೆಳಗಿನಿಂದ ಎದ್ದುಹೋಗಿ ಹೆಚ್ಚು ಹೊತ್ತಾಗಿರಲಿಲ್ಲ. ಆ ರಾತ್ರಿ ಮೈಸೂರಿನಿಂದ ಫೋನಿನಲ್ಲಿ ಅಮ್ಮನ ದನಿ ಕೇಳಿದ ಮೇಲೆ, ಮನೆ ಉಳಿಸಿಕೊಳ್ಳಬೇಕು ಎಂದು ಹೇಳುವ ಧೈರ್ಯ ನನಗೆ ಬರಲಿಲ್ಲ.

ಗೆಳೆಯರಲ್ಲಿ ಸಲಹೆಗಳಿಗೆ ಕೊರತೆಯಿಲ್ಲ. 'ಹೋಮ್‌ಸ್ಟೇ ಮಾಡು', 'ಮರಳಿ ಮಣ್ಣಿಗೆ ಹೋಗು' ಎನ್ನುತ್ತಾರೆ. ಕಾರಂತರ ಕಾದಂಬರಿಯ ರಾಮನ ಹಾಗೆ ಮರಳಲು ಮಣ್ಣಾದರೂ ಇರಬೇಕಲ್ಲ. ನಮ್ಮ ಎದುರಿನ ಬಾಕಿಮಾರು ಗದ್ದೆಯಲ್ಲಿ ಈಗ ಎರಡು ಅಪಾರ್ಟ್‌ಮೆಂಟುಗಳಿವೆ. ಊರು ಊರಾಗಿ ಉಳಿದು ನಾವು ಮಾತ್ರ ಬಿಟ್ಟು ಹೋಗುತ್ತಿರುವುದೂ ಅಲ್ಲ. 1960ರಲ್ಲಿ ಎಂಜಿನಿಯರಿಂಗ್ ಕಾಲೇಜು ಬಂತು, ಅದು ಇಂದಿನ ಎನ್ಐಟಿಕೆ. ಪಣಂಬೂರಿನ ಬಂದರಿಗಾಗಿ ಅಲ್ಲಿದ್ದ ಕುಟುಂಬಗಳನ್ನು ಎಬ್ಬಿಸಿ ಕಾಟಿಪಳ್ಳ, ಕೃಷ್ಣಾಪುರದ ಕಡೆ ಸೈಟು ಕೊಟ್ಟರು. 1975ರ ಜನವರಿಯಲ್ಲಿ ಇಂದಿರಾ ಗಾಂಧಿ ಬಂದರನ್ನು ಉದ್ಘಾಟಿಸಿದರು. ರಸಗೊಬ್ಬರದ ಕಾರ್ಖಾನೆ ಬಂತು, 1990ರ ದಶಕದಲ್ಲಿ ತೈಲ ಶುದ್ಧೀಕರಣ ಘಟಕ ಬಂತು, ಕೊಂಕಣ ರೈಲು ಬಂತು. ರಾತ್ರಿ ಮೂಡಣದ ಆಕಾಶ ಕೆಂಪಗಿರುವುದು ಶುದ್ಧೀಕರಣ ಘಟಕದ ಬೆಂಕಿಯಿಂದ ಎಂದು ತಿಳಿಯುವ ಮೊದಲು ನಾನು ಅದನ್ನು ಬೆಳಗಾಗುವ ಬಣ್ಣವೆಂದೇ ಅಂದುಕೊಂಡಿದ್ದೆ. ಬಂದರಿಗಾಗಿ ಎದ್ದು ಹೋದವರಿಗೆ ಜಾಹೀರಾತು ಬರೆಯುವ ಅವಕಾಶವೂ ಇರಲಿಲ್ಲ. ಅವರ ಮನೆ ಇದ್ದ ಜಾಗದಲ್ಲಿ ಈಗ ಹಡಗುಗಳು ನಿಲ್ಲುತ್ತವೆ. ನಮಗೆ ಕೊನೆಗೆ ಬೆಲೆ ಸಿಗುತ್ತದೆ, ಆರಿಸಿಕೊಳ್ಳಲು ಸಮಯ ಸಿಗುತ್ತದೆ. ಅಷ್ಟರ ಮಟ್ಟಿಗೆ ನಾವು ಅದೃಷ್ಟವಂತರು.

ಮನೆಯನ್ನು ಬಿಚ್ಚಿ ಬೇರೆಡೆ ಕಟ್ಟುವುದೂ ಒಂದು ದಾರಿ. ಮಣಿಪಾಲದಲ್ಲಿ ವಿಜಯನಾಥ ಶೆಣೈ ಅವರು ಕೆಡಹಬೇಕಾಗಿದ್ದ ಹಳೆಯ ಮನೆಗಳನ್ನು ತಂದು ಮತ್ತೆ ಎಬ್ಬಿಸಿ ನಿಲ್ಲಿಸಿದ್ದಾರೆ. ಪಿಲಿಕುಳದಲ್ಲಿ ಗುತ್ತಿನ ಮನೆಯೊಂದಿದೆ. ಶಾಲೆಯಿಂದ ಅಲ್ಲಿಗೆ ಪ್ರವಾಸ ಹೋದಾಗ ಟೀಚರ್ 'ಹಿಂದಿನವರು ಹೀಗೆ ವಾಸಿಸುತ್ತಿದ್ದರು' ಎಂದು ಚಾವಡಿ ತೋರಿಸಿದರು. ನಾನು ಆ ಬೆಳಗ್ಗೆ ಅಂಥದ್ದೇ ಚಾವಡಿಯಲ್ಲಿ ತಲೆ ಬಾಚಿಸಿಕೊಂಡು ಬಂದಿದ್ದೆ. ಮರದ ಕೆತ್ತನೆ, ಕಂಬ, ಬಾಗಿಲು ಎಲ್ಲ ಉಳಿಯಬೇಕಾದದ್ದೇ. ಅವನ್ನು ಉಳಿಸಿದವರ ಬಗ್ಗೆ ನನಗೆ ಗೌರವವಿದೆ. ಆದರೆ ಅಲ್ಲಿಗೆ ಸಂಜೆ ಐದರ ಮೇಲೆ ಟ್ರಂಕು ಹಿಡಿದುಕೊಂಡು ಯಾರೂ ಹೋಗುವಂತಿಲ್ಲ.

ಮಾರಾಟದ ಮಾತುಕತೆಯಲ್ಲಿ ಅತಿ ಹೆಚ್ಚು ಚರ್ಚೆಯಾದದ್ದು ಬೆಲೆಯಲ್ಲ, ನಾಗಬನ. ಜಾಗದ ಈಶಾನ್ಯ ಮೂಲೆಯಲ್ಲಿ ಹೊಳೆದಾಸವಾಳ, ಹಲಸು, ಬೆತ್ತದ ಬಳ್ಳಿ ಹೆಣೆದುಕೊಂಡ ಒಂದು ತುಂಡು ಕಾಡು ಇದೆ. ಅದರ ಒಳಗೆ ನಾಗನ ಕಲ್ಲುಗಳು. ನಾಗರಪಂಚಮಿಗೆ ಮುಂಬೈಯವರು, ಪುಣೆಯವರು, ವರ್ಷವಿಡೀ ಒಬ್ಬರಿಗೊಬ್ಬರು ಫೋನು ಮಾಡದವರು ಕೂಡ ಹಾಲು, ಸೀಯಾಳ, ಕೇದಗೆ ಹಿಡಿದು ಅಲ್ಲಿಗೆ ಬರುತ್ತಾರೆ. ಚಾವಡಿಯ ದೈವದ ಮಂಚ, ಮೊಗ ಕಡ್ತಲೆಗಳನ್ನು ಕ್ರಮ ಮಾಡಿ ಕುಟುಂಬದ ಇನ್ನೊಂದು ಮನೆಗೆ ಸಾಗಿಸುವುದೆಂದು ಪ್ರಶ್ನೆಯಲ್ಲಿ ಬಂತು, ಎಲ್ಲರೂ ಒಪ್ಪಿದರು. ನಾಗನನ್ನು ಕದಲಿಸುವ ಮಾತನ್ನು ಯಾರೂ ಎತ್ತಲಿಲ್ಲ. ಕೊಳ್ಳುವವರಿಗೂ ಅದು ಬೇಡ, ಬನ ಮುಟ್ಟಿದರೆ ಏನಾಗುತ್ತದೆ ಎಂಬ ಹೆದರಿಕೆ ಅವರಿಗೂ ಇದೆ. ಕೊನೆಗೆ ತೀರ್ಮಾನವಾಯಿತು: 46 ಸೆಂಟ್ಸಿನಲ್ಲಿ 3 ಸೆಂಟ್ಸ್ ಬನವನ್ನು ಬಿಟ್ಟು 43 ಮಾತ್ರ ಕ್ರಯ. ಬನಕ್ಕೆ ಹೋಗಲು ರಸ್ತೆಯಿಂದ ಆರಡಿ ಅಗಲದ ದಾರಿ. ಆ ದಾರಿಯಲ್ಲಿ ಕುಟುಂಬದವರು ಯಾವ ಕಾಲಕ್ಕೂ ಯಾರ ಅಡ್ಡಿಯೂ ಇಲ್ಲದೆ ಹೋಗಿ ಬರುವ ಹಕ್ಕು ಶಾಶ್ವತವಾಗಿ ಇರತಕ್ಕದ್ದು ಎಂದು ಕರಡು ಪತ್ರದ ನಾಲ್ಕನೆಯ ಪುಟದಲ್ಲಿ ಬರೆದಿದೆ.

ಆ ವಾಕ್ಯವನ್ನು ನಾನು ಎಷ್ಟು ಸಲ ಓದಿದೆನೋ ಲೆಕ್ಕವಿಲ್ಲ. ನಾಗನಲ್ಲಿಗೆ ಹೋಗಿ ಬರುವ ಹಕ್ಕಿಗೆ ಕಾಗದದಲ್ಲಿ ಮಾತು ಇದೆ, ಅಡಿ ಲೆಕ್ಕದಲ್ಲಿ ಅಗಲ ಇದೆ. ಇಷ್ಟು ವರ್ಷ ಹೆಂಗಸರು ನಡೆದು ಬಂದ ದಾರಿಗೆ ಎಲ್ಲೂ ಒಂದು ಸಾಲು ಇಲ್ಲ. ಬರೆಯುವ ಅಗತ್ಯ ಬಿದ್ದಿರಲಿಲ್ಲ, ಮನೆಯೇ ಆ ಸಾಲಾಗಿತ್ತು. ಈಗ ಹಣ ಹದಿಮೂರು ಪಾಲಾದರೆ ದೊಡ್ಡಮ್ಮನ ಕೈಗೆ ಒಂದಿಷ್ಟು, ಅಮ್ಮನ ಕೈಗೆ ಒಂದಿಷ್ಟು ಬರುತ್ತದೆ. ದೊಡ್ಡಮ್ಮ ಮುಂಬೈಯಲ್ಲಿ ತಮ್ಮನ ಫ್ಲ್ಯಾಟಿನ ಹಾಲ್‌ನಲ್ಲಿ, ಅಮ್ಮ ನನ್ನ ಬಾಡಿಗೆ ಮನೆಯಲ್ಲಿ. ಆ ಬಾಡಿಗೆ ಮನೆ ಇನ್ನೂ ಇಲ್ಲ. ನನ್ನ ಫೆಲೋಶಿಪ್ ಮುಗಿಯಲು ಎಂಟು ತಿಂಗಳಿದೆ, ಕೆಲಸ ಎಲ್ಲಿ ಎಂದು ಗೊತ್ತಿಲ್ಲ. ವಿಶ್ವವಿದ್ಯಾಲಯದ ಪ್ರತಿ ಅರ್ಜಿಯಲ್ಲೂ 'ಕಾಯಂ ವಿಳಾಸ' ಎಂಬಲ್ಲಿ ನಾನು ಈ ಮನೆಯ ಹೆಸರನ್ನೇ ಬರೆಯುತ್ತಾ ಬಂದಿದ್ದೇನೆ. ನಾಳೆ ನನಗೆ ಏನಾದರೂ ಆಗಿ, ಒಂದು ಟ್ರಂಕು ಹಿಡಿದು ಹೊರಡಬೇಕಾಗಿ ಬಂದರೆ ಬಸ್ಸಿನವನ ಹತ್ತಿರ ಯಾವ ಊರಿನ ಟಿಕೆಟು ಕೇಳಲಿ?

ಕಳೆದ ತಿಂಗಳು ದೊಡ್ಡ ಮಾವ ಊರಿಗೆ ಬಂದಿದ್ದಾಗ ಇದನ್ನು ಕೇಳಿದೆ. ಜಗಳ ಮಾಡಲಿಲ್ಲ. ಮಾವ ಕೆಟ್ಟವರಲ್ಲ. ನನ್ನ ಕಾಲೇಜಿನ ಫೀಸು ಹಲವು ವರ್ಷ ಅವರೇ ಕಟ್ಟಿದ್ದಾರೆ. 'ಪಾಲು ಮಾಡುವ ಮೊದಲು ಒಟ್ಟು ಹಣದಲ್ಲಿ ಇಲ್ಲೇ ಸುರತ್ಕಲ್ಲಿನಲ್ಲಿ ಒಂದು ಸಣ್ಣ ಮನೆ ತೆಗೆಯುವ ಮಾವ. ಎರಡು ಕೋಣೆ ಸಾಕು. ದೊಡ್ಡಮ್ಮನ, ಅಮ್ಮನ ಹೆಸರಲ್ಲಿ. ಅವರ ನಂತರ ಕುಟುಂಬದ ಯಾವ ಹೆಂಗಸಿಗೆ ಬೇಕಾದರೂ ಬಂದು ಇರುವ ಹಕ್ಕು ಇರಬೇಕು, ಅದನ್ನು ಪತ್ರದಲ್ಲಿ ಬರೆಸಬೇಕು' ಎಂದೆ.

ಮಾವ ಬಹಳ ಹೊತ್ತು ಅಂಗಳ ನೋಡುತ್ತಾ ಕೂತರು. 'ಹೆಂಗಸರಿಗೆ ಮಾತ್ರವಾ?' ಎಂದರು ಕೊನೆಗೆ.

'ಹೌದು ಮಾವ.'

'ನನ್ನ ಮಗಳು ಅಳಿಯಸಂತಾನದ ಲೆಕ್ಕದಲ್ಲಿ ಈ ಕುಟುಂಬದವಳಲ್ಲ. ಅವಳಿಗೆ?'

ಈ ಪ್ರಶ್ನೆಯನ್ನು ನಾನು ಯೋಚಿಸಿರಲಿಲ್ಲ. ಮಾವನ ಮಗಳು ಪುಣೆಯಲ್ಲಿದ್ದಾಳೆ, ಹೋದ ವರ್ಷ ಮದುವೆಯಾಯಿತು. ಹಳೆಯ ಕಟ್ಟಿನಲ್ಲಿ ಅವಳ ಮನೆ ಅವಳ ತಾಯಿಮನೆ. ಅದು ಮಾರಿಹೋಗಿ ಹತ್ತು ವರ್ಷವಾಗಿದೆ. ಒಳಗಿನಿಂದ ದೊಡ್ಡಮ್ಮನ ದನಿ ಬಂತು, 'ಅವಳೂ ಬರಲಿ. ಯಾರೂ ಬರಲಿ. ಒಕ್ಕಲಿನ ಮನೆಯವರು ಬೇಕಾದರೂ ಬರಲಿ. ಎರಡು ಕೋಣೆ ಸಾಲುವುದಿಲ್ಲ, ಮೂರು ನೋಡಿ.'

ವಕೀಲರು ಹೀಗೆಲ್ಲ ಬರೆಯುವುದು ಕಷ್ಟ ಎಂದಿದ್ದಾರೆ. ಹುಟ್ಟದವರಿಗೆ ಹಕ್ಕು ಕೊಡುವುದಕ್ಕೆ ಕಾನೂನಿನಲ್ಲಿ ಮಿತಿಗಳಿವೆ, ಟ್ರಸ್ಟ್ ಮಾಡಬಹುದು, ನೋಡುವ ಎಂದಿದ್ದಾರೆ. ಮುಂಬೈಯ ಇಬ್ಬರಿಗೆ ಸಮ್ಮತಿಯಿಲ್ಲ. ಉಳಿದವರು ಫೋನಿನಲ್ಲಿ ಆಗಬಹುದು ಎಂದಿದ್ದಾರೆ, ಆಗಬಹುದು ಎಂಬುದು ಎಷ್ಟು ದಿನ ಆಗಬಹುದಾಗಿಯೇ ಇರುತ್ತದೆ ಎಂದು ಹೇಳಲಾರೆ. ಆಟಿ ಕಳೆದ ಮೇಲೆ ನೋಂದಣಿ ಎಂದು ಮಾತಾಗಿದೆ. ನಾನು ಸಹಿ ಹಾಕುತ್ತೇನೆ, ಅದರಲ್ಲಿ ಅನುಮಾನವಿಲ್ಲ. ಮಾಡು ಕುಸಿಯುವ ಮನೆಯಲ್ಲಿ ಇಬ್ಬರು ಹೆಂಗಸರನ್ನು ಕೂರಿಸಿ ನನ್ನ ನೆನಪನ್ನು ಕಾಯಿಸಿಕೊಳ್ಳುವ ಆಸೆ ನನಗಿಲ್ಲ. ಮೊದಲು ಆ ಸಣ್ಣ ಮನೆಯ ಕಾಗದ ಆಗಲಿ, ಆಮೇಲೆ ಹದಿನಾಲ್ಕನೆಯ ಸಹಿ ಎಂದು ಹೇಳಿದ್ದೇನೆ, ಅಷ್ಟೆ.

ಅಮ್ಮ ಈಗ ವಾರಕ್ಕೆರಡು ಸಲ ಬ್ರೋಕರ್ ಜೊತೆ ಫ್ಲ್ಯಾಟು ನೋಡಲು ಹೋಗುತ್ತಾರೆ. ನಿನ್ನೆ ನೋಡಿದ್ದು ಲೈಟ್‌ಹೌಸ್ ಕಡೆಗಿನ ಒಂದು ಕಟ್ಟಡದ ಎರಡನೆಯ ಮಹಡಿ. ಕಿಟಕಿ ತೆಗೆದರೆ ಕಡಲೇ ಎದುರಿಗೆ ಅಂತೆ. ಬ್ರೋಕರ್ ಅದನ್ನೇ ಹತ್ತು ಸಲ ಹೇಳಿದನಂತೆ. ಅಮ್ಮ ಅವನನ್ನು ಕೇಳಿದ್ದು ಒಂದೇ ಪ್ರಶ್ನೆ: ರಾತ್ರಿ ಹೊತ್ತು ಮೀರಿ ಯಾರಾದರೂ ಬಂದರೆ ಕೆಳಗಿನ ಗೇಟು ತೆಗೆಯುವವರು ಇರುತ್ತಾರಾ?